ನಿದ್ದೆ ಕಮ್ಮಿಯಾದರೆ ಮೊದಲೇ ಹುಷಾರಾಗಿ

ಬೈಪೋಲಾರ್ (ಮನಸ್ಸು ಕೆಲವು ಸಲ ಅತಿಯಾಗಿ ಏರುವ, ಕೆಲವು ಸಲ ತುಂಬ ಕುಗ್ಗುವ ಕಾಯಿಲೆ) ಇರುವ ನನಗೆ ಮೊದಲ ಸುಳಿವು ಕೊಡೋದು ನಿದ್ದೆ. ಹಾಸಿಗೆ ಪಕ್ಕದ ಕ್ಯಾಲೆಂಡರಿನಲ್ಲಿ ದಿನಾ ಮಲಗಿದ ಗಂಟೆ ಬರೆಯುತ್ತೇನೆ. ಎರಡು ರಾತ್ರಿ ನಾಲ್ಕೇ ಗಂಟೆ ಮಲಗಿದರೂ ಸುಸ್ತಿಲ್ಲ, ತಲೆ ತುಂಬ ಐಡಿಯಾ ಅಂದರೆ ಅದು ಉನ್ಮಾದದ, ಅಂದರೆ ಮನಸ್ಸು ಅತಿಯಾಗಿ ಏರುವ ಹಂತದ, ಶುರು ಇರಬಹುದು. ಅವತ್ತೇ ಡಾಕ್ಟರಿಗೆ ಫೋನ್ ಮಾಡಿ. ಆ ಹೊತ್ತಲ್ಲಿ ದುಡ್ಡು ಸಿಕ್ಕಾಪಟ್ಟೆ ಖರ್ಚಾಗದಿರಲಿ ಅಂತ ನಾನು ಎಟಿಎಂ ಕಾರ್ಡನ್ನೂ ಅಕ್ಕನ ಕೈಗೆ ಕೊಡುತ್ತೇನೆ.

ನಿದ್ದೆ ಕೆಡದಿರಲು ಆಫೀಸಲ್ಲಿ ರಾತ್ರಿ ಪಾಳಿ ಬೇಡ ಅಂತ ಕೇಳಿಕೊಳ್ಳಿ.

ಬೈಪೋಲಾರ್‌ಗೆ ಕೊಡುವ ಲಿಥಿಯಂ ಮಾತ್ರೆ ತಗೊಳ್ಳುತ್ತೀರಾ? ಕೊನೆಯ ಮಾತ್ರೆ ನುಂಗಿ 12 ಗಂಟೆಯಾದ ಮೇಲೆ ಅದರ ಮಟ್ಟ ನೋಡಲು ರಕ್ತ ಪರೀಕ್ಷೆಗೆ ಕೊಡಿ. ಬೇಸಿಗೆಯಲ್ಲಿ ನೀರು ಮರೆಯಬೇಡಿ. ತಲೆನೋವಿಗೆ ಸುಮ್ನೆ ಐಬುಪ್ರೊಫೇನ್ ನುಂಗಬೇಡಿ, ರಕ್ತದಲ್ಲಿ ಲಿಥಿಯಂ ಜಾಸ್ತಿಯಾಗಬಹುದು.

ಕುಗ್ಗಿದ ದಿನ ನನ್ನ ಪಟ್ಟಿ ಚಿಕ್ಕದು: ಮಾತ್ರೆ, ಸ್ನಾನ, ಒಂದೇ ಒಂದು ಮೇಲ್. ಸಾಯುವ ಯೋಚನೆ ಬಂದರೆ ಕಾಯಬೇಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು.