ಮಣ್ಣಿಲ್ಲದೆ ಸೊಪ್ಪು ಬೆಳೆಯುವ ಬಗೆ: ಒಂದು ಡಬ್ಬಿ, ಒಂದಿಷ್ಟು ಲವಣ, ಬೇರಿಗೆ ಬೇಕಾದ ಗಾಳಿ

ಮಣ್ಣಿನಿಂದ ಗಿಡಕ್ಕೆ ದೊರೆಯುವುದು ಮುಖ್ಯವಾಗಿ ನಾಲ್ಕು: ನೀರು, ಆ ನೀರಿನಲ್ಲಿ ಕರಗಿದ ಲವಣಗಳು, ಬೇರಿನ ಉಸಿರಾಟಕ್ಕೆ ಆಮ್ಲಜನಕ ಮತ್ತು ನೆಟ್ಟಗೆ ನಿಲ್ಲಲು ಆಸರೆ. ಈ ನಾಲ್ಕನ್ನೂ ಬೇರೆ ದಾರಿಯಿಂದ ಒದಗಿಸಿದರೆ ಮಣ್ಣಿಲ್ಲದೆಯೂ ಗಿಡ ಬೆಳೆಯುತ್ತದೆ ಎಂಬುದನ್ನು ಜರ್ಮನಿಯ ಸಸ್ಯವಿಜ್ಞಾನಿ ಜೂಲಿಯಸ್ ಸ್ಯಾಕ್ಸ್ 1860ರ ಸುಮಾರಿಗೇ ಪ್ರಯೋಗಾಲಯದಲ್ಲಿ ತೋರಿಸಿದ್ದರು. ಅದನ್ನು ಪ್ರಯೋಗಾಲಯದಿಂದ ಹೊರಗೆ ತಂದು ಬೇಸಾಯದ ವಿಧಾನವಾಗಿ ಪ್ರಚಾರ ಮಾಡಿದವರು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿಲಿಯಂ ಗೆರಿಕೆ. ಮಣ್ಣಿಲ್ಲದ ಈ ಬೇಸಾಯಕ್ಕೆ ಹೈಡ್ರೋಪೋನಿಕ್ಸ್ ಎಂಬ ಹೆಸರು ಬಳಕೆಗೆ ಬಂದದ್ದು 1937ರಲ್ಲಿ. ಹೊಸದಾಗಿ ಕೈ ಹಾಕುವವರು ನೀರು, ಲವಣ, ಆಸರೆ ಮೂರಕ್ಕೂ ಬೇಕಾದಷ್ಟು ಗಮನ ಕೊಡುತ್ತಾರೆ, ಆಮ್ಲಜನಕವನ್ನು ಮರೆಯುತ್ತಾರೆ. ಗಿಡಗಳು ಸಾಯುವುದು ಹೆಚ್ಚಾಗಿ ಅಲ್ಲಿಯೇ.

ಆದ್ದರಿಂದ ಪಂಪು, ಕೊಳವೆ, ಟೈಮರ್‌ಗಳಿಲ್ಲದೆ ಬೇರಿಗೆ ತಾನಾಗಿಯೇ ಗಾಳಿ ದೊರೆಯುವಂಥ ವಿಧಾನದಿಂದ ಆರಂಭಿಸುವುದು ಒಳ್ಳೆಯದು. ಹವಾಯಿ ವಿಶ್ವವಿದ್ಯಾಲಯದ ಬರ್ನಾರ್ಡ್ ಕ್ರಾಟ್ಕಿ ರೂಪಿಸಿದ ನಿಂತ ನೀರಿನ ವಿಧಾನ ಅಂಥದ್ದು. ಇದಕ್ಕೆ ತಕ್ಕ ಬೆಳೆ ಲೆಟ್ಯೂಸ್. ತುಳಸಿ, ಪಾಲಕ್‌ಗಳನ್ನೂ ಹೀಗೆಯೇ ಬೆಳೆಯಬಹುದು. ಟೊಮೆಟೊ, ಸೌತೆಗಳು ಬಹಳ ನೀರು ಕುಡಿಯುವುದರಿಂದ ಅವನ್ನು ಮೊದಲ ಬೆಳೆಗೆ ಆರಿಸಿಕೊಳ್ಳದಿರುವುದು ಲೇಸು.

ಡಬ್ಬಿಯ ಸಿದ್ಧತೆ

ಮುಚ್ಚಳವಿರುವ, 20 ಲೀಟರ್ ಹಿಡಿಯುವ ಆಯತಾಕಾರದ ಪ್ಲಾಸ್ಟಿಕ್ ಡಬ್ಬಿಯನ್ನು ಆರಿಸಿಕೊಳ್ಳಿ. ಒಂದು ಲೆಟ್ಯೂಸ್ ಗಿಡಕ್ಕೆ ಬಿತ್ತನೆಯಿಂದ ಕೊಯ್ಲಿನವರೆಗೆ ಸುಮಾರು 4 ಲೀಟರ್ ದ್ರಾವಣ (ಲವಣ ಕರಗಿಸಿದ ನೀರು) ಬೇಕಾಗುತ್ತದೆ ಎಂದು ಲೆಕ್ಕ ಹಾಕಿದರೆ, ಇಂಥ ಡಬ್ಬಿಯಲ್ಲಿ ನಾಲ್ಕು ಗಿಡಗಳು ಆರಾಮವಾಗಿ ಬೆಳೆಯುತ್ತವೆ. ಡಬ್ಬಿಯೊಳಕ್ಕೆ ಬೆಳಕು ಹೋಗಬಾರದು. ಬೆಳಕು ಮತ್ತು ಪೋಷಕಾಂಶ ಎರಡೂ ಸಿಕ್ಕ ನೀರಿನಲ್ಲಿ ಕೆಲವೇ ದಿನಗಳಲ್ಲಿ ಪಾಚಿ ಕಟ್ಟುತ್ತದೆ. ಪಾರದರ್ಶಕ ಡಬ್ಬಿಯಾದರೆ ಹೊರಗೆ ಮೊದಲು ಕಪ್ಪು ಬಣ್ಣ, ಅದರ ಮೇಲೆ ಬಿಳಿ ಬಣ್ಣ ಬಳಿಯಿರಿ. ಕಪ್ಪು ಬೆಳಕನ್ನು ತಡೆಯುತ್ತದೆ, ಬಿಳಿ ಬಿಸಿಲಿನ ಕಾವನ್ನು ಹಿಂದಕ್ಕೆ ಎಸೆಯುತ್ತದೆ.

ಮುಚ್ಚಳದಲ್ಲಿ 15ರಿಂದ 20 ಸೆಂಟಿಮೀಟರ್ ಅಂತರದಲ್ಲಿ ನಾಲ್ಕು ರಂಧ್ರಗಳನ್ನು ಕೊರೆದು, ಪ್ರತಿಯೊಂದರಲ್ಲೂ 5 ಸೆಂಟಿಮೀಟರ್ ಅಗಲದ ಜಾಲರಿ ಕುಂಡ ಕೂರಿಸಿ. ಕುಂಡದ ಅಂಚು ರಂಧ್ರದ ಮೇಲೆ ನಿಲ್ಲಬೇಕು, ಒಳಕ್ಕೆ ಜಾರಬಾರದು.

ಬೀಜದಿಂದ ಸಸಿಯವರೆಗೆ

ಬೀಜವನ್ನು ತೆಂಗಿನ ನಾರಿನ ಪುಡಿಯಲ್ಲಿ, ರಾಕ್‌ವೂಲ್ (ಕಲ್ಲು ಕರಗಿಸಿ ಮಾಡಿದ ನಾರು) ತುಂಡಿನಲ್ಲಿ ಅಥವಾ ಸೀಳಿದ ಸ್ಪಂಜಿನಲ್ಲಿ ಮೊಳೆಸಬಹುದು. ಲೆಟ್ಯೂಸ್ ಬೀಜಕ್ಕೆ ಬೆಳಕು ಕಂಡರೆ ಮೊಳಕೆ ಚೆನ್ನಾಗಿ ಬರುವುದರಿಂದ ಅದನ್ನು ಆಳಕ್ಕೆ ಹೂಳದೆ ಮೇಲ್ಮೈಯಲ್ಲೇ ಇರಿಸಬೇಕು. ಸೆಕೆ ಹೆಚ್ಚಿರುವಲ್ಲಿ ಅದು ಮೊಳೆಯದೆ ಸುಮ್ಮನೆ ಕುಳಿತುಬಿಡುವುದೂ ಉಂಟು, ಆಗ ತಟ್ಟೆಯನ್ನು ತಂಪಾದ ಜಾಗಕ್ಕೆ ಸರಿಸಿ. ಬೀಜದೆಲೆಗಳು ಅರಳುವವರೆಗೆ ಬರಿಯ ನೀರು ಸಾಕು, ಏಕೆಂದರೆ ಅಲ್ಲಿಯವರೆಗಿನ ಆಹಾರ ಬೀಜದಲ್ಲೇ ಇರುತ್ತದೆ. ಎರಡು ಮೂರು ನಿಜ ಎಲೆಗಳು ಮೂಡಿ, ಬೇರು ತುಂಡಿನ ತಳದಿಂದ ಹೊರಗೆ ಇಣುಕಿದಾಗ, ಅಂದರೆ ಸುಮಾರು ಎರಡು ವಾರಗಳಲ್ಲಿ, ಸಸಿಯನ್ನು ಕುಂಡಕ್ಕೆ ವರ್ಗಾಯಿಸಿ, ಸುತ್ತ ಜಾಗ ಉಳಿದರೆ ಸುಟ್ಟ ಜೇಡಿಮಣ್ಣಿನ ಉಂಡೆಗಳನ್ನೋ ತೊಳೆದ ಸಣ್ಣ ಕಲ್ಲುಗಳನ್ನೋ ತುಂಬಿ.

ದ್ರಾವಣ ಮಾಡುವ ಕ್ರಮ

ಇಡೀ ಕೆಲಸದಲ್ಲಿ ತುಸು ನಿಧಾನ ಬೇಡುವ ಹಂತ ಇದು. ಗಿಡಕ್ಕೆ ಸಾರಜನಕ, ರಂಜಕ, ಪೊಟ್ಯಾಸಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ, ಗಂಧಕಗಳು ಹೆಚ್ಚಿನ ಪ್ರಮಾಣದಲ್ಲಿಯೂ, ಕಬ್ಬಿಣ, ಮ್ಯಾಂಗನೀಸ್, ಸತು, ತಾಮ್ರ, ಬೋರಾನ್, ಮಾಲಿಬ್ಡಿನಂ ಮುಂತಾದವು ಅತ್ಯಲ್ಪ ಪ್ರಮಾಣದಲ್ಲಿಯೂ ಬೇಕು. ಹೊಲಕ್ಕೆ ಹಾಕುವ ಯೂರಿಯಾವನ್ನು ಇಲ್ಲಿ ಬಳಸಬಾರದು. ಮಣ್ಣಿನಲ್ಲಿ ಯೂರಿಯಾವನ್ನು ಒಡೆದು ಬೇರಿಗೆ ಒಗ್ಗುವ ರೂಪಕ್ಕೆ ತರುವುದು ಸೂಕ್ಷ್ಮಜೀವಿಗಳು; ಡಬ್ಬಿಯ ನೀರಿನಲ್ಲಿ ಆ ಕೆಲಸ ಬೇಕಾದ ಮಟ್ಟದಲ್ಲಿ ನಡೆಯುವುದಿಲ್ಲ.

ಒಣ ಲವಣಗಳಿಂದ ದ್ರಾವಣ ಮಾಡುವವರು ಸಾಮಾನ್ಯವಾಗಿ ಅನುಸರಿಸುವ ಸೂತ್ರದ ಪ್ರಕಾರ, 20 ಲೀಟರ್ ನೀರಿಗೆ ಸೂಕ್ಷ್ಮ ಪೋಷಕಾಂಶಗಳೂ ಸೇರಿರುವ 4-18-38 ಗೊಬ್ಬರ ಮಿಶ್ರಣ (ಅಂಕಿಗಳು ಕ್ರಮವಾಗಿ ಸಾರಜನಕ, ರಂಜಕ, ಪೊಟ್ಯಾಸಿಯಂಗಳ ಶೇಕಡಾ ಪ್ರಮಾಣ) 12 ಗ್ರಾಂ, ಮೆಗ್ನೀಸಿಯಂ ಸಲ್ಫೇಟ್ 6 ಗ್ರಾಂ ಮತ್ತು ಕ್ಯಾಲ್ಸಿಯಂ ನೈಟ್ರೇಟ್ 12 ಗ್ರಾಂ ಸಾಕು. ಮೊದಲೆರಡನ್ನು ನೀರಿಗೆ ಹಾಕಿ ಪೂರ್ತಿ ಕರಗಿಸಿ, ಕ್ಯಾಲ್ಸಿಯಂ ನೈಟ್ರೇಟನ್ನು ಬೇರೆ ಪಾತ್ರೆಯಲ್ಲಿ ಕರಗಿಸಿಕೊಂಡು ಕೊನೆಯಲ್ಲಿ ಸೇರಿಸಬೇಕು. ಮೂರನ್ನೂ ಸ್ವಲ್ಪವೇ ನೀರಿನಲ್ಲಿ ಒಟ್ಟಿಗೆ ಕಲಸಿದರೆ ಕ್ಯಾಲ್ಸಿಯಂ, ಸಲ್ಫೇಟಿನೊಂದಿಗೂ ಫಾಸ್ಫೇಟಿನೊಂದಿಗೂ ಕೂಡಿ ಸುಣ್ಣದಂತೆ ತಳಕ್ಕೆ ಇಳಿಯುತ್ತದೆ. ಹಾಗೆ ಇಳಿದದ್ದು ಗಿಡದ ಪಾಲಿಗೆ ಇಲ್ಲದಂತೆಯೇ. ಅಂಗಡಿಯಲ್ಲಿ ಸಿಗುವ ದ್ರವ ಪೋಷಕಾಂಶಗಳು ಎ, ಬಿ ಎಂದು ಎರಡು ಬಾಟಲಿಗಳಲ್ಲಿ ಬರುವುದಕ್ಕೂ ಇದೇ ಕಾರಣ.

ಮುಂದಿನದು ಅಳತೆ. ದ್ರಾವಣದ ಪಿಎಚ್ (ಆಮ್ಲ-ಕ್ಷಾರಗುಣದ ಅಳತೆ) 5.5ರಿಂದ 6.5ರೊಳಗೆ ಇರಬೇಕು. ಅದಕ್ಕಿಂತ ಮೇಲೇರಿದರೆ ಕಬ್ಬಿಣ ನೀರಿನಲ್ಲಿದ್ದರೂ ಬೇರಿಗೆ ದಕ್ಕುವುದಿಲ್ಲ. ಪಿಎಚ್ ಇಳಿಸಲೆಂದೇ ಸಿಗುವ ಸಿದ್ಧ ಆಮ್ಲ ದ್ರಾವಣವನ್ನು ಹನಿ ಹನಿಯಾಗಿ ಹಾಕಿ, ಕದಡಿ, ಮತ್ತೆ ಅಳೆಯಿರಿ. ಲವಣದ ಒಟ್ಟು ಸಾಂದ್ರತೆಯನ್ನು ತಿಳಿಸುವುದು ಇಸಿ (ವಿದ್ಯುತ್ ವಾಹಕತೆ) ಮೀಟರ್, ಸೊಪ್ಪುಗಳಿಗೆ ಸೆಂಟಿಮೀಟರಿಗೆ 0.8ರಿಂದ 1.8 ಮಿಲಿಸೀಮೆನ್ಸ್ ಸಾಕಾಗುತ್ತದೆ, ಎಳೆಯ ಸಸಿಗೆ ಆ ಕೆಳಗಿನ ತುದಿಯೇ ಕ್ಷೇಮ. ಟಿಡಿಎಸ್ (ಕರಗಿದ ಲವಣದ ಒಟ್ಟು ಪ್ರಮಾಣ) ಮೀಟರ್ ಬಳಸುವವರು ಒಂದು ವಿಷಯ ಗಮನದಲ್ಲಿಡಬೇಕು: ಇಸಿ 1.0 ಇರುವ ಅದೇ ನೀರನ್ನು ಒಂದು ಮೀಟರ್ 500 ಪಿಪಿಎಂ (ಹತ್ತು ಲಕ್ಷದಲ್ಲಿ ಇಷ್ಟು ಭಾಗ) ಎಂದೂ ಇನ್ನೊಂದು 700 ಪಿಪಿಎಂ ಎಂದೂ ತೋರಿಸಬಹುದು, ಏಕೆಂದರೆ ತಯಾರಕರು ಬಳಸುವ ಗುಣಕಗಳೇ ಬೇರೆ. ಹಾಗಾಗಿ ಬೇರೆಯವರು ಹೇಳಿದ ಪಿಪಿಎಂ ಅಂಕಿಯನ್ನು ಹಾಗೆಯೇ ನಂಬುವುದಕ್ಕಿಂತ ಇಸಿಯನ್ನು ನೋಡುವುದು ವಾಸಿ.

ನೀರು ಇಳಿಯಲಿ

ಕುಂಡದ ತಳ ಒಂದು ಸೆಂಟಿಮೀಟರಿನಷ್ಟು ಮುಳುಗುವ ಮಟ್ಟಕ್ಕೆ ದ್ರಾವಣ ತುಂಬಿ ಮುಚ್ಚಳ ಹಾಕಿ. ಗಿಡ ಕುಡಿದಂತೆ ಮಟ್ಟ ಇಳಿಯುತ್ತದೆ, ಮುಚ್ಚಳಕ್ಕೂ ನೀರಿಗೂ ನಡುವೆ ತೇವದ ಗಾಳಿ ತುಂಬಿದ ಜಾಗ ಬೆಳೆಯುತ್ತಾ ಹೋಗುತ್ತದೆ. ಆ ಜಾಗದಲ್ಲಿ ತೂಗುವ ಬೇರುಗಳು ಕ್ರಮೇಣ ನೇರವಾಗಿ ಗಾಳಿಯಿಂದಲೇ ಆಮ್ಲಜನಕ ಪಡೆಯಲು ಒಗ್ಗಿಕೊಳ್ಳುತ್ತವೆ; ಮುಚ್ಚಳ ಎತ್ತಿ ನೋಡಿದರೆ ಅವುಗಳ ಮೈಮೇಲೆ ಮಖಮಲ್ಲಿನಂಥ ನವಿರು ರೋಮ ಕಾಣುತ್ತದೆ, ನೀರಿನೊಳಗಿನ ಬೇರುಗಳು ಮಾತ್ರ ನುಣುಪಾಗಿ ಉದ್ದಕ್ಕೆ ಇಳಿದಿರುತ್ತವೆ. ಈ ಹಂತದಲ್ಲಿ ನೀರು ಕಡಿಮೆಯಾಯಿತೆಂದು ಡಬ್ಬಿಯನ್ನು ಮತ್ತೆ ಕಂಠಮಟ್ಟ ತುಂಬಿದರೆ ಗಾಳಿಗೆ ಒಗ್ಗಿದ ಬೇರುಗಳು ಮುಳುಗಿ, ಉಸಿರುಕಟ್ಟಿ ಕೊಳೆಯುತ್ತವೆ. ಸೇರಿಸಲೇಬೇಕಾದರೆ ಕೆಳಗಿನ ಕೆಲವು ಸೆಂಟಿಮೀಟರ್‌ಗಳಷ್ಟು ಮಾತ್ರ ಸೇರಿಸಿ, ಮೇಲಿನ ಬೇರು ಗಾಳಿಯಲ್ಲೇ ಉಳಿಯಲಿ.

ನೀರಿನ ತಾಪವೂ ಇದೇ ಲೆಕ್ಕಕ್ಕೆ ಸೇರುತ್ತದೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಳ್ಳುತ್ತದೆ, 30 ಡಿಗ್ರಿಯಲ್ಲಿ ಸುಮಾರು 7.5 ಮಿಲಿಗ್ರಾಂ ಮಾತ್ರ. 18ರಿಂದ 22 ಡಿಗ್ರಿ ಉತ್ತಮ; ಬಿಸಿಯಾದ ನೀರಿನಲ್ಲಿ ಬೇರು ಕೊಳೆಸುವ ಪಿಥಿಯಂ ಬೇಗ ಹಬ್ಬುತ್ತದೆ. ಎಲೆಗೆ ಬೆಳಕು, ಡಬ್ಬಿಗೆ ನೆರಳು ಬೀಳುವಂತೆ ಜಾಗ ಹೊಂದಿಸಿ. ಒಳಾಂಗಣದಲ್ಲಿ ಎಲ್‌ಇಡಿ ದೀಪದಡಿ ಬೆಳೆಯುವುದಾದರೆ ದಿನಕ್ಕೆ 14 ಗಂಟೆ ಬೆಳಕು ಸಾಕು.

ತೊಂದರೆ ಕಂಡರೆ

ಬೇರು ಕಂದಾಗಿದೆ ಎಂದ ಮಾತ್ರಕ್ಕೆ ಕೊಳೆತಿದೆ ಎಂದಲ್ಲ, ಲವಣದ ಬಣ್ಣವೂ ಅಂಟುತ್ತದೆ. ಬೆರಳಿನಿಂದ ಮೆಲ್ಲಗೆ ಎಳೆದು ನೋಡಿ: ಹೊರಗಿನ ಪದರ ಕಳಚಿಕೊಂಡು ನಡುವಿನ ದಾರದಂಥ ಎಳೆ ಮಾತ್ರ ಉಳಿದರೆ, ಜೊತೆಗೆ ಲೋಳೆಯೂ ದುರ್ವಾಸನೆಯೂ ಇದ್ದರೆ, ಅದು ಕೊಳೆ. ಅಂಥ ಗಿಡವನ್ನು ತೆಗೆದುಹಾಕಿ ದ್ರಾವಣ ಬದಲಿಸಬೇಕು. ಹೊಸ ಎಲೆಗಳಲ್ಲಿ ನರ ಹಸಿರಾಗಿದ್ದು ನಡುವಿನ ಭಾಗ ಹಳದಿಯಾದರೆ ಕಬ್ಬಿಣದ ಕೊರತೆ, ಆದರೆ ಕಬ್ಬಿಣ ಸುರಿಯುವ ಮುನ್ನ ಪಿಎಚ್ ನೋಡಿ. ಇದೇ ಲಕ್ಷಣ ಹಳೆಯ ಎಲೆಗಳಲ್ಲಿ ಕಂಡರೆ ಮೆಗ್ನೀಸಿಯಂ ಸಾಲದು. ಲೆಟ್ಯೂಸಿನ ಒಳಗಿನ ಎಳೆ ಎಲೆಗಳ ತುದಿ ಸುಟ್ಟಂತಾಗುವುದು ಕ್ಯಾಲ್ಸಿಯಂ ಅಲ್ಲಿಗೆ ತಲುಪದಿರುವುದರಿಂದ. ದ್ರಾವಣದಲ್ಲಿ ಅದು ಸಾಕಷ್ಟಿದ್ದರೂ ಎಲೆಗಳ ಸುತ್ತ ಗಾಳಿಯಾಡದಿದ್ದರೆ ಹೀಗಾಗುತ್ತದೆ. ಸಣ್ಣ ಫ್ಯಾನ್ ಇಟ್ಟು ನೋಡುವುದು ಹೊಸ ಬಾಟಲಿ ಕೊಳ್ಳುವುದಕ್ಕಿಂತ ಮೇಲು.

ವರ್ಗಾಯಿಸಿದ 30ರಿಂದ 45 ದಿನಗಳಲ್ಲಿ ಲೆಟ್ಯೂಸ್ ಕೊಯ್ಲಿಗೆ ಬರುತ್ತದೆ. ಹೊರಗಿನ ಎಲೆಗಳನ್ನು ಮಾತ್ರ ಕೀಳುತ್ತಾ ಹೋದರೆ ಇನ್ನೂ ಕೆಲವು ದಿನ ಸಿಗುತ್ತದೆ, ಆದರೆ ಹೂದಂಟು ಎದ್ದ ಮೇಲೆ ಎಲೆ ಕಹಿಯಾಗುತ್ತದೆ. ಇದಾದ ಬಳಿಕ ಗಾಳಿ ಪಂಪಿನ ತೊಟ್ಟಿಗೋ ತೆಳುವಾಗಿ ನೀರು ಹರಿಯುವ ಕೊಳವೆಗಳಿಗೋ ಹೋಗಬಹುದು. ಕೊಳವೆಯ ಪದ್ಧತಿಯಲ್ಲಿ ವಿದ್ಯುತ್ ಕೈಕೊಟ್ಟರೆ ಸೆಕೆಯ ದಿನ ಗಿಡಗಳು ಕೆಲವೇ ಗಂಟೆಗಳಲ್ಲಿ ಬಾಡುತ್ತವೆ ಎಂಬುದನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಿ. ಉಳಿದ ದ್ರಾವಣವನ್ನು ಮುಂದಿನ ಬೆಳೆಗೆ ಬಳಸದೆ ಮಣ್ಣಿನ ಕುಂಡಗಳಿಗೆ ನೀರು ಬೆರೆಸಿ ಹಾಕಿ, ಡಬ್ಬಿಯನ್ನೂ ಜಾಲರಿ ಕುಂಡಗಳನ್ನೂ ತೆಳುವಾದ ಬ್ಲೀಚ್ ನೀರಿನಲ್ಲಿ ಉಜ್ಜಿ, ಚೆನ್ನಾಗಿ ತೊಳೆದು, ಒಣಗಿಸಿಯೇ ಹೊಸ ಸಸಿಗಳನ್ನು ಕೂರಿಸಿ.