ಲೈಟ್ ಕೆಳಗಿನ ಆರ್ಕಿಡ್ ಕೊನೆಗೂ ಹೂದಂಟು ಬಿಟ್ಟಿತು

ನನ್ನ ಫಲನಾಪ್ಸಿಸ್ ಆರ್ಕಿಡ್ ಎಲ್‌ಇಡಿ ಲೈಟ್ ಕೆಳಗೆ ಎಲೆ ಮೇಲೆ ಎಲೆ ಬಿಡುತ್ತಿತ್ತು. ಹೂವು ಮಾತ್ರ ಇಲ್ಲ. ಎಲೆಗಳು ಕಡು ಹಸಿರು. ನೋಡೋಕೆ ಚೆಂದ, ಆದರೆ ಬೆಳಕು ಸಾಲದು ಅನ್ನೋದಕ್ಕೆ ಅದೇ ಗುರುತು. ಬೆಳಕನ್ನು ಲಕ್ಸ್ ಲೆಕ್ಕದಲ್ಲಿ ಅಳೆಯುವ ಫೋನಿನ ಲಕ್ಸ್ ಮೀಟರ್ ಆಪ್ ಎಲೆಯ ಮಟ್ಟದಲ್ಲಿ 4,000 ಆಸುಪಾಸು ತೋರಿಸಿತು. ಈ ಗಿಡಕ್ಕೆ 10,000ದಿಂದ 15,000 ಲಕ್ಸ್ ಇದ್ದರೆ ಒಳ್ಳೆಯದು. ಆಪ್ ಲೆಕ್ಕ ಕರಾರುವಾಕ್ಕಲ್ಲ, ಆದರೂ ಇಷ್ಟು ಅಂತರ ಜಾಸ್ತಿಯೇ ಅಲ್ವಾ? ಲೈಟನ್ನು ಕೆಳಗಿಳಿಸಿದೆ. ಎಲೆ ತಿಳಿ ಹಸಿರಾಯಿತು. ಹೂವು ಆಗಲೂ ಇಲ್ಲ.

ಉಳಿದದ್ದು ತಂಪು. ಹೂದಂಟು ಹೊರಡಲು ಫಲನಾಪ್ಸಿಸ್‌ಗೆ ಕೆಲವು ವಾರ ತಂಪು ಬೇಕು. ಸದಾ 26 ಡಿಗ್ರಿಗಿಂತ ಮೇಲಿದ್ದರೆ ಸುಮ್ನೆ ಎಲೆ ಬಿಡುತ್ತಾ ಕೂರುತ್ತದೆ. ನನ್ನ ಮುಚ್ಚಿದ ಶೆಲ್ಫಿನಲ್ಲಿ ಲೈಟಿನ ಡ್ರೈವರ್‌ನ (ಲೈಟಿಗೆ ಕರೆಂಟ್ ಕೊಡುವ ಡಬ್ಬಿ) ಬಿಸಿ ರಾತ್ರಿಯವರೆಗೂ ನಿಲ್ಲುತ್ತಿತ್ತು. ಡ್ರೈವರನ್ನು ಹೊರಗೆ ಹಾಕಿದೆ, ಚಿಕ್ಕ ಫ್ಯಾನ್ ಇಟ್ಟೆ, ಲೈಟ್ ದಿನಕ್ಕೆ 12 ಗಂಟೆ ಕಾಲ ಮಾತ್ರ ಉರಿಯುವಂತೆ ಟೈಮರನ್ನು ಹೊಂದಿಸಿದೆ. ಕತ್ತಲೆಯೂ ಬೇಕೇ ಬೇಕು. ಈ ಗಿಡ ಕಾರ್ಬನ್ ಡೈಆಕ್ಸೈಡನ್ನು ಹೆಚ್ಚಾಗಿ ಹೀರುವುದು ರಾತ್ರಿ ಹೊತ್ತು. ಕಿಟಕಿ ಸ್ವಲ್ಪ ತೆರೆದಿಟ್ಟರೆ ರಾತ್ರಿ 18 ಡಿಗ್ರಿಗೆ ಇಳಿಯುತ್ತಿತ್ತು.

ಆಮೇಲೆ ಎಲೆಯ ಬುಡದಲ್ಲಿ ಹಸಿರು ತುದಿ ಮೂಡಿತು. ಬೇರಿನ ತುದಿ ನುಣುಪಾಗಿ ದುಂಡಗಿರುತ್ತದೆ, ಹೂದಂಟಿನದು ಚಪ್ಪಟೆ. ಇದು ಚಪ್ಪಟೆಯೇ. ನೀರು, ಗೊಬ್ಬರ ಎರಡನ್ನೂ ನಾನು ಬದಲಿಸಿರಲಿಲ್ಲ.