ರಾತ್ರಿ ತ್ರೀಫೇಸ್ ಬಂತಾ? ಮೋಟಾರ್ ಹಾಕಲು ಹೊರಡುವ ಮುನ್ನ ಇಷ್ಟು ಮಾಡಿ

ಬೋರ್‌ವೆಲ್ ನಂಬಿದ ರೈತನ ನಿದ್ದೆ ಕರೆಂಟಿನ ಕೈಯಲ್ಲಿದೆ. ನಮ್ಮ ರಾಜ್ಯದಲ್ಲಿ ಪಂಪ್‌ಸೆಟ್‌ಗಳಿಗೆ ದಿನಕ್ಕೆ 7 ಗಂಟೆ ತ್ರೀಫೇಸ್, ಅಂದರೆ ಮೋಟಾರ್ ಓಡಿಸುವ ಮೂರು ಲೈನಿನ ಕರೆಂಟು, ಎಂಬುದು ಲೆಕ್ಕ. ಅದರಲ್ಲಿ ಹಗಲಿಗಷ್ಟು, ರಾತ್ರಿಗಷ್ಟು. ಪಾಳಿ ನಡುರಾತ್ರಿಗೆ ಬಿದ್ದರೆ ಮಾಡುವುದೇನು? ಎದ್ದು ಹೋಗಲೇಬೇಕು. ಹೊರಗೆ ಕತ್ತಲು, ಕಾಲ ಕೆಳಗೆ ಕೆಸರು, ಕಣ್ಣಲ್ಲಿ ಅರೆನಿದ್ದೆ. ಕರೆಂಟು ಹೋಗುವುದರೊಳಗೆ ನೀರು ಹಾಯಿಸಬೇಕೆಂಬ ಅವಸರ ಬೇರೆ.

ಈ ಹೊತ್ತಿನಲ್ಲಿ ಮುಖ್ಯವಾಗಿ ಹೆದರಬೇಕಾದದ್ದು ಹಾವಿಗೆ ಮತ್ತು ಕರೆಂಟಿಗೆ. ಎರಡಕ್ಕೂ ತಯಾರಿ ಹಗಲಲ್ಲೇ ಆಗಬೇಕು. ರಾತ್ರಿ ಎದ್ದ ಮೇಲೆ ಯಾರಿಗೂ ಅಷ್ಟು ವ್ಯವಧಾನ ಇರುವುದಿಲ್ಲ.

1. ಹಗಲಲ್ಲೇ ದಾರಿ ಮಾಡಿಕೊಳ್ಳಿ

ಮನೆಯಿಂದ ಮೋಟಾರ್ ಮನೆಗೆ, ಅಲ್ಲಿಂದ ನೀರು ತಿರುಗಿಸುವ ಗೇಟ್‌ವಾಲ್ವ್‌ಗೆ ಒಂದೇ ದಾರಿ ಇಟ್ಟುಕೊಳ್ಳಿ. ಬದುವಿನ ಹುಲ್ಲು ಕುಯ್ದು, ಕಾಲಿಡುವ ಜಾಗ ಕಣ್ಣಿಗೆ ಕಾಣುವಂತೆ ಇರಲಿ. ಹತ್ತಿರ ಅಂತ ಬೆಳೆಯ ನಡುವೆ ನುಗ್ಗಬೇಡಿ.

ಮೋಟಾರ್ ಮನೆಯ ಸುತ್ತ ಏನೇನಿದೆ ಅಂತ ಒಮ್ಮೆ ನೋಡಿ. ಹಳೆಯ ಪೈಪು, ಸುತ್ತಿಟ್ಟ ಡ್ರಿಪ್ ಲ್ಯಾಟರಲ್, ತೆಂಗಿನ ಗರಿ, ಕಲ್ಲಿನ ಗುಡ್ಡೆ. ಇವುಗಳ ಸಂದಿಯಲ್ಲಿ ಇಲಿ, ಕಪ್ಪೆ. ಅವನ್ನು ಹುಡುಕಿಕೊಂಡು ಹಾವು. ಸ್ಟಾರ್ಟರ್ ಡಬ್ಬದ ತಳದಲ್ಲಿ ವೈರಿಗೆ ಬಿಟ್ಟ ತೂತು ದೊಡ್ಡದಾಗಿದ್ದರೆ ಇವೆಲ್ಲ ಒಳಗೂ ಸೇರಿಕೊಳ್ಳುತ್ತವೆ. ಮೇನ್ ಆಫ್ ಮಾಡಿಸಿ ಆ ತೂತು ಮುಚ್ಚಿಸಿ.

2. ಸ್ಟಾರ್ಟರ್ ಡಬ್ಬ ಪರೀಕ್ಷಿಸಿ

ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲೋಣ. ತಗಡಿನ ಡಬ್ಬ, ತುಕ್ಕು ಹಿಡಿದ ಬಾಗಿಲು, ಒಳಗೆ ಹಸಿರು ಬಟನ್, ಕೆಂಪು ಬಟನ್. ಡಬ್ಬದ ಪಕ್ಕದ ನಟ್ಟಿನಿಂದ ಒಂದು ವೈರು ನೆಲಕ್ಕೆ ಇಳಿದಿರಬೇಕು. ಅದೇ ಅರ್ತಿಂಗ್. ಎಷ್ಟೋ ಕಡೆ ಅದು ಕಿತ್ತು ಹೋಗಿ ಗಾಳಿಯಲ್ಲಿ ತೂಗಾಡುತ್ತಿರುತ್ತದೆ. ಮೋಟಾರು ಓಡುತ್ತಿದೆಯಲ್ಲ ಅಂತ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಅರ್ತ್ ಇಲ್ಲದೆಯೂ ಮೋಟಾರು ಓಡುತ್ತದೆ, ತೊಂದರೆ ಇರುವುದೇ ಅಲ್ಲಿ. ಒಳಗೆ ವೈರಿನ ಮೈ ಸುಲಿದು ಡಬ್ಬಕ್ಕೆ ತಾಗಿದ ದಿನ, ಬಾಗಿಲು ಮುಟ್ಟಿದವರ ಮೈಮೇಲಿಂದಲೇ ಕರೆಂಟು ನೆಲಕ್ಕೆ ಇಳಿಯುತ್ತದೆ. ಕಾಲು ಒದ್ದೆಯಿದ್ದರಂತೂ ಕೇಳಲೇಬೇಡಿ.

ಎಲೆಕ್ಟ್ರಿಷಿಯನ್ ಕರೆಸಿ ಇಷ್ಟು ಮಾಡಿಸಿ. ಆ ವೈರು ಇಳಿಯುವ ಅರ್ತಿಂಗ್ ಗುಂಡಿ ಸರಿಮಾಡಿಸಿ, ಬೇಸಿಗೆಯಲ್ಲಿ ಆ ಗುಂಡಿಗೆ ಆಗಾಗ ನೀರು ಹಾಕಿ. ಸೋರುವ ಕರೆಂಟನ್ನು ಹಿಡಿದು ತಾನೇ ಟ್ರಿಪ್ ಆಗುವ ಬ್ರೇಕರ್ ನಿಮ್ಮ ಮೋಟಾರಿಗೆ ಯಾವುದು ಹೊಂದುತ್ತದೆ ಕೇಳಿ, ಹಾಕಿಸಿ. ಫ್ಯೂಸಿನ ಜಾಗದಲ್ಲಿ ಕೈಗೆ ಸಿಕ್ಕ ದಪ್ಪ ತಂತಿ ಸುತ್ತಿದ್ದರೆ ತೆಗೆಸಿ. ಡಬ್ಬದ ಮೇಲೆ ಮಳೆ ನೀರು ಬೀಳದಂತೆ ಒಂದು ಸೂರು, ಮುಂದೆ ನಿಲ್ಲಲು ಒಣ ಮರದ ಹಲಗೆ ಅಥವಾ ರಬ್ಬರ್ ಮ್ಯಾಟ್ ಇರಲಿ.

ಕರೆಂಟು ಬಂದ ಕೂಡಲೇ ತಾನೇ ಮೋಟಾರ್ ಹಾಕುವ ಆಟೋ ಸ್ಟಾರ್ಟರ್, ಫೋನಿನಿಂದಲೇ ಹಾಕುವ ಮೊಬೈಲ್ ಸ್ಟಾರ್ಟರ್ ಹಾಕಿಸಿದರೆ ರಾತ್ರಿ ಓಡಾಟ ಎಷ್ಟೋ ತಪ್ಪುತ್ತದೆ. ಖರ್ಚು ಮಾಡಲು ತಕ್ಕ ವಸ್ತು ಅಂತ ನಾನಂತೂ ಹೇಳುತ್ತೇನೆ. ಆದರೆ ಒಂದು ಎಚ್ಚರಿಕೆ. ನೀವು ವೈರು ಬಿಚ್ಚಿ ಕೂತಿರುವಾಗಲೇ ಕರೆಂಟು ಬಂದು ಮೋಟಾರು ತಾನಾಗಿ ಶುರುವಾಗಬಹುದು. ರಿಪೇರಿ ಏನೇ ಇರಲಿ, ಮೇನ್ ಆಫ್ ಮಾಡಿ, ಮೂರೂ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಳ್ಳಿ. ಜೇಬಲ್ಲಿದ್ದರೆ ಬೇರೆಯವರು ಬಂದು ಗೊತ್ತಿಲ್ಲದೆ ಹಾಕುವ ಭಯವೂ ಇಲ್ಲ.

ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್, ಮುಟ್ಟುವುದು ಮಾತ್ರ ನಿಮ್ಮ ಕೆಲಸವಲ್ಲ. ಫ್ಯೂಸ್ ಹೋಯಿತೆಂದು ಕೋಲು ಹಿಡಿದು ಟಿಸಿ ಕಂಬದ ಹತ್ತಿರ ಹೋಗುವ ಧೈರ್ಯಶಾಲಿಗಳು ಪ್ರತಿ ಊರಲ್ಲೂ ಒಬ್ಬರಿರುತ್ತಾರೆ. ಅವರನ್ನು ತಡೆಯಿರಿ, ಲೈನ್‌ಮನ್ ಬರಲಿ.

3. ಹೊರಡುವಾಗ

ಗಂಬೂಟು ಹಾಕಿ. ಹಾವು ಹೆಚ್ಚಾಗಿ ಕಚ್ಚುವುದು ಪಾದಕ್ಕೆ, ಹಿಮ್ಮಡಿಗೆ, ಮೊಣಕಾಲಿನ ಕೆಳಗೆ. ಹಾಕುವ ಮುಂಚೆ ಬೂಟನ್ನು ತಲೆಕೆಳಗು ಮಾಡಿ ಕೊಡವಿ. ಮೊಬೈಲಿನ ಬೆಳಕು ಸಾಲದು. ತಲೆಗೆ ಕಟ್ಟುವ ಟಾರ್ಚ್ ಆದರೆ ಎರಡೂ ಕೈ ಬಿಡುವಾಗಿರುತ್ತವೆ. ಒಂದು ಕೈಯಲ್ಲಿ ಕೋಲು ಹಿಡಿದು ನೆಲಕ್ಕೆ ಕುಟ್ಟುತ್ತಾ ನಡೆಯಿರಿ. ನೆಲದ ಅದುರು ತಿಳಿದು ಹಾವು ಸರಿದುಕೊಳ್ಳಬಹುದು. ಕೊಳಕು ಮಂಡಲ ಮಾತ್ರ ಅಷ್ಟು ಸುಲಭಕ್ಕೆ ಜಾಗ ಬಿಡುವುದಿಲ್ಲ. ಕುಕ್ಕರ್ ವಿಷಲ್‌ನಂತೆ ಜೋರಾಗಿ ಬುಸುಗುಟ್ಟುತ್ತದೆ. ಆ ಸದ್ದು ಕೇಳಿದರೆ ಅಲ್ಲೇ ನಿಂತು, ಎಲ್ಲಿದೆ ಅಂತ ಬೆಳಕು ಬಿಟ್ಟು ನೋಡಿ, ಹಿಂದೆ ಸರಿಯಿರಿ.

ಮನೆಯಲ್ಲಿ ಯಾರಿಗಾದರೂ ಹೇಳಿಯೇ ಹೊರಡಿ. ಆನೆ ಓಡಾಡುವ ಸಕಲೇಶಪುರ, ಕೊಡಗು, ಚಾಮರಾಜನಗರದ ಕಾಡಂಚಿನವರಿಗೆ ಕೋಲು, ಟಾರ್ಚಿನ ಮಾತು ಸಾಲದು. ಅಲ್ಲಿ ಆ ರಾತ್ರಿಯ ನೀರನ್ನು ಬಿಟ್ಟುಬಿಡುವುದೇ ಸರಿ.

ದಾರಿಯಲ್ಲಿ ತಂತಿ ಹರಿದು ಬಿದ್ದಿದ್ದರೆ ದೂರ ನಿಲ್ಲಿ, ಬೇರೆಯವರನ್ನೂ ಹತ್ತಿರ ಬಿಡಬೇಡಿ, ವಿದ್ಯುತ್ ಸಹಾಯವಾಣಿ 1912ಕ್ಕೆ ಫೋನ್ ಮಾಡಿ. ಹಂದಿ ಕಾಟಕ್ಕೆ ಬೇಲಿಗೆ ನೇರ ಲೈನ್ ಕರೆಂಟು ಕೊಡುವವರೂ ಇದ್ದಾರೆ. ಅದು ಅಪರಾಧ. ಪಕ್ಕದ ಹೊಲದವರು ಹಾಗೆ ಮಾಡಿದ್ದರೆ ದಾಕ್ಷಿಣ್ಯ ಬೇಡ, ತೆಗೆಸಿ.

4. ಮೋಟಾರ್ ಮನೆಯಲ್ಲಿ

ಮೊದಲು ಬೆಳಕು ಬಿಡಿ, ಆಮೇಲೆ ಕೈ ಚಾಚಿ. ಕೈ ಒರೆಸಿಕೊಳ್ಳಿ. ಹಲಗೆಯ ಮೇಲೆ ನಿಂತು ಬಟನ್ ಒತ್ತಿ. ಡಬ್ಬ ಮುಟ್ಟಿದಾಗ ಜುಮ್ ಅಂದರೆ ಅದನ್ನು ಸಣ್ಣ ಶಾಕ್ ಅಂತ ಬಿಡಬೇಡಿ. ರಿಪೇರಿ ಆಗುವ ತನಕ ಆ ಮೋಟಾರ್ ಹಾಕುವುದು ಬೇಡ.

ಕರೆಂಟಿಗೆ ಕಾದು ಅಲ್ಲೇ ಮಲಗುವವರು ನೆಲದ ಮೇಲೆ ಮಲಗಬೇಡಿ. ಕಟ್ಟು ಹಾವು ಓಡಾಡುವುದು ರಾತ್ರಿ. ಮಲಗಿದವರನ್ನು ಕಚ್ಚಿದರೆ ನೋವೂ ಗೊತ್ತಾಗದಿರಬಹುದು, ಗುರುತೂ ಕಾಣದಿರಬಹುದು. ಬೆಳಿಗ್ಗೆ ಹೊಟ್ಟೆನೋವು ಅಂತ ಏಳುತ್ತಾರೆ, ಆಮೇಲೆ ರೆಪ್ಪೆ ಜೋತು ಬೀಳುತ್ತದೆ. ಮಂಚ ಹಾಕಿಕೊಳ್ಳಿ, ಸೊಳ್ಳೆ ಪರದೆಯ ಅಂಚನ್ನು ಹಾಸಿಗೆ ಕೆಳಗೆ ಸಿಕ್ಕಿಸಿ.

5. ಯಾರಿಗಾದರೂ ಶಾಕ್ ಹೊಡೆದರೆ

ಅವರನ್ನು ಮುಟ್ಟಬೇಡಿ. ಮೇನ್ ಆಫ್ ಮಾಡಿ. ಆಗದಿದ್ದರೆ ಒಣ ಜಾಗದಲ್ಲಿ ನಿಂತು ಒಣ ಕೋಲಿನಿಂದ ವೈರು ಸರಿಸಿ. ಮೇಲಿನ ಹೈಟೆನ್ಷನ್ ಲೈನ್ ಆಗಿದ್ದರೆ ಕೋಲೂ ಬೇಡ, ಲೈನ್ ಆಫ್ ಆಗಲೇಬೇಕು. ಉಸಿರಿಲ್ಲದಿದ್ದರೆ 108ಕ್ಕೆ ಫೋನ್ ಮಾಡಿಸಿ, ಎದೆಯ ನಡುವೆ ಎರಡೂ ಕೈಯಿಟ್ಟು ನಿಮಿಷಕ್ಕೆ 100ರಿಂದ 120ರಂತೆ ಜೋರಾಗಿ ಒತ್ತುತ್ತಲೇ ಇರಿ.

6. ಹಾವು ಕಚ್ಚಿದರೆ

ಹೊಡೆಯಲು ಹೋಗಬೇಡಿ, ಹಿಡಿದು ತರುವುದೂ ಬೇಡ. ಯಾವ ಹಾವು ಅಂತ ಗೊತ್ತಾಗದಿದ್ದರೂ ಚಿಕಿತ್ಸೆ ನಡೆಯುತ್ತದೆ. ನಮ್ಮಲ್ಲಿ ಹಾವಿನ ವಿಷ ಇಳಿಸಲು ಕೊಡುವ ಎಎಸ್‌ವಿ ಚುಚ್ಚುಮದ್ದು ನಾಗರ, ಕಟ್ಟು, ಕೊಳಕು ಮಂಡಲ, ಗರಗಸ ಮಂಡಲ ನಾಲ್ಕಕ್ಕೂ ಒಂದೇ.

ಕಾಲುಂಗುರ, ಗೆಜ್ಜೆ, ಬಳೆ, ಉಂಗುರ ತೆಗೆಯಿರಿ. ಬಾವು ಬಂದರೆ ಆಮೇಲೆ ಬರುವುದಿಲ್ಲ. ಮೂಳೆ ಮುರಿದಾಗ ಮಾಡುವಂತೆ ಕಾಲಿಗೆ ದಬ್ಬೆ ಇಟ್ಟು ಸಡಿಲವಾಗಿ ಕಟ್ಟಿ. ಅಲುಗಾಡದಂತೆ ಇರಲಷ್ಟೇ ಆ ಕಟ್ಟು. ಹಗ್ಗದಿಂದ ಬಿಗಿಯುವುದು, ಬ್ಲೇಡಿನಿಂದ ಕುಯ್ಯುವುದು, ಬಾಯಿಂದ ಹೀರುವುದು ಯಾವುದೂ ಬೇಡ. ನಡೆಸಬೇಡಿ. 108 ತಡವಾದರೆ ಬೈಕಿನಲ್ಲಿ ಕಚ್ಚಿಸಿಕೊಂಡವರನ್ನು ನಡುವೆ ಕೂರಿಸಿ, ಹಿಂದೆ ಒಬ್ಬರು ಹಿಡಿದುಕೊಳ್ಳಿ.

ಮಂತ್ರ ಹಾಕಿಸಿ ಬದುಕಿದವರು ಇದ್ದಾರಲ್ಲ ಅನ್ನುತ್ತೀರಾ? ಇದ್ದಾರೆ. ಕಚ್ಚುವ ಹಾವುಗಳಲ್ಲಿ ಎಷ್ಟೋ ವಿಷವಿಲ್ಲದವು, ವಿಷದ ಹಾವೂ ಕೆಲವೊಮ್ಮೆ ವಿಷ ಬಿಡದೆ ಕಚ್ಚುತ್ತದೆ. ಅವರು ಮಂತ್ರ ಇಲ್ಲದೆಯೂ ಬದುಕುತ್ತಿದ್ದರು. ನಿಜವಾಗಿ ವಿಷ ಏರಿದವರಿಗೆ ಅಲ್ಲಿ ಕಳೆದ ಒಂದು ಗಂಟೆಯೇ ಮುಳುವು.

ರಾತ್ರಿ ಹೊತ್ತು ಎಎಸ್‌ವಿ, ಡಾಕ್ಟರು ಎರಡೂ ಇರುವ ಸರ್ಕಾರಿ ಆಸ್ಪತ್ರೆ ನಿಮಗೆ ಹತ್ತಿರ ಯಾವುದು ಅಂತ ಈ ವಾರವೇ ಕೇಳಿಟ್ಟುಕೊಳ್ಳಿ. 2024ರಿಂದ ಕರ್ನಾಟಕದಲ್ಲಿ ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಲೇಬೇಕು. ಆಸ್ಪತ್ರೆಯಲ್ಲಿ ರಕ್ತ ತೆಗೆದು ಗಾಜಿನ ಕೊಳವೆಯಲ್ಲಿ 20 ನಿಮಿಷ ಸುಮ್ನೆ ಇಡುತ್ತಾರೆ. ಹೆಪ್ಪುಗಟ್ಟುತ್ತದೋ ಇಲ್ಲವೋ ನೋಡಿ ಮಂಡಲದ ವಿಷ ಪತ್ತೆ ಮಾಡುವ ಪರೀಕ್ಷೆ ಅದು, ಏನೂ ಮಾಡುತ್ತಿಲ್ಲ ಅಂತ ಜಗಳ ತೆಗೆಯಬೇಡಿ. ಮೊದಲ ಪರೀಕ್ಷೆಯಲ್ಲಿ ಏನೂ ಕಾಣದಿದ್ದರೂ 24 ಗಂಟೆ ಅಲ್ಲೇ ಇರಿ. ಹಾಲು ಕರೆಯುವುದನ್ನು ಒಂದು ದಿನ ಪಕ್ಕದ ಮನೆಯವರಿಗೆ ಹೇಳಿದರಾಯಿತು.